ಬಾಗೂರು ಯಮುನಾ ಮದುವೆ ನಿಂತದ್ದೇಕೆ?

ಚನ್ನರಾಯಪಟ್ಟಣದ ಸಿದ್ದೇಶನ ಬಗ್ಗೆ ಒಳ್ಳೆಯದು ಹೇಳಲು ನನ್ನಲ್ಲಿರುವುದು ಒಂದೇ ಮಾತು: ಕೆಲಸ ಗೊತ್ತಿದ್ದವನು. ಉಳಿದದ್ದಕ್ಕೆ ಅವನನ್ನು ಹುಟ್ಟಿಸಿದವರೇ ಉತ್ತರ ಕೊಡಬೇಕು.

ಮೊದಲು ಫ್ಲೆಕ್ಸ್ ಅಂಗಡಿ ಇಟ್ಟಿದ್ದ. ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಒಂದೇ ಫೋಟೋ, ಹಾರ ಮಾತ್ರ ಬೇರೆ. ಹೆಸರು ದೊಡ್ಡದಾಗಿ, ಪಕ್ಕದಲ್ಲೇ ಊರು. ಬಸ್ಸಿನಲ್ಲಿ ಕೂತವನಿಗೂ ಕಾಣಬೇಕು ಅನ್ನುತ್ತಿದ್ದ. ಫ್ಲೆಕ್ಸ್ ಕಟ್ಟುವುದಕ್ಕೆ ಅಡ್ಡಿ ಹೆಚ್ಚಾದ ಮೇಲೆ ಅದೇ ಬುದ್ಧಿಯನ್ನು ಮೊಬೈಲಿಗೆ ತಂದು, ತಾಲ್ಲೂಕಿನ ಸುದ್ದಿಗೆಂದು ಒಂದು ವೆಬ್‌ಸೈಟ್ ಮಾಡಿದ. ಜನ ಗೂಗಲ್‌ನಲ್ಲಿ ಏನು ಕೇಳುತ್ತಾರೋ ಆ ಮಾತನ್ನೇ ತಲೆಬರಹ ಮಾಡುತ್ತಿದ್ದ. ಮೊದಲ ಸಾಲಿನಲ್ಲೂ ಅದೇ, ಫೋಟೋದ ಹೆಸರಲ್ಲೂ ಅದೇ. ಹಳೆಯ ಸುದ್ದಿಗಳ ಕೆಳಗೆಲ್ಲ ಹೊಸದರ ಲಿಂಕ್ ಅಂಟಿಸುತ್ತಿದ್ದ. ಇಷ್ಟೇ ಅವನ ವಿದ್ಯೆ. ಇಷ್ಟಕ್ಕೇ ದೊಡ್ಡ ದೊಡ್ಡ ಪತ್ರಿಕೆಗಳು ಅವನಿಗಿಂತ ಕೆಳಗೆ ಬರುತ್ತಿದ್ದವು.

ಬಾಗೂರಿನ ನಂಜಯ್ಯ ಮತ್ತು ಬೈರಮ್ಮನ ಮಗಳು ಯಮುನಾ ಆರತಕ್ಷತೆಯ ಸಂಜೆ ಮದುವೆ ಬೇಡವೆಂದು ಛತ್ರದಿಂದ ಎದ್ದು ಬಂದಳು. ಗಂಡು ಕುಡಿದು ಬಂದು, ಎಲ್ಲರೆದುರು ಅವಳ ತಂದೆಯ ಮೇಲೆ ಕೈ ಎತ್ತಿದ್ದ. ಛತ್ರದಲ್ಲಿದ್ದವರೆಲ್ಲ ಕಂಡದ್ದು ಇದು. ಸಿದ್ದೇಶ ಮಾರನೆಯ ದಿನ ಬರೆದ: ‘ಬಾಗೂರು ಯಮುನಾ ಮದುವೆ ನಿಂತದ್ದೇಕೆ?’ ಜೊತೆಗೆ ಅವಳ ಫೋಟೋ. ಕಾರಣ ಮಾತ್ರ ಬರೆಯಲಿಲ್ಲ. ಕಾರಣ ಹೇಳಿಬಿಟ್ಟರೆ ಓದುವವರು ಎದ್ದು ಹೋಗುತ್ತಾರಲ್ಲ! ‘ಹುಡುಗಿಯ ಹಳೆಯ ವಿಚಾರ ಏನಾದರೂ ಇದ್ದಿತೇ?’ ಎಂದು ಕೇಳಿ ಕೈ ತೊಳೆದುಕೊಂಡ. ಅವನ ಬಾಯಿಗೆ ಮಣ್ಣು ಬೀಳಲಿ.

ನಮ್ಮ ಕಡೆ ಹೆಣ್ಣು ನೋಡುವ ಮೊದಲು ಗಂಡಿನ ಕಡೆಯವರು ಊರಿಗೆ ಬಂದು ಸದ್ದಿಲ್ಲದೆ ವಿಚಾರಿಸುತ್ತಾರೆ. ಅಂಗಡಿಯಲ್ಲಿ ಬೀಡಿ ಕೊಳ್ಳುವ ನೆಪ, ಡೈರಿಯ ಹತ್ತಿರ ದಾರಿ ಕೇಳುವ ನೆಪ. ಹಾಗೆ ಯಾರು ಬಂದು ಕೇಳಿದ್ದರೂ ಬಾಗೂರಿನವರು ಯಮುನಾಳನ್ನು ಬಿಟ್ಟುಕೊಡುತ್ತಿರಲಿಲ್ಲ. ಆದರೆ ಈಗ ಊರತನಕ ಬರುವವರು ಯಾರು? ಅರಕಲಗೂಡಿನ ಸಂಬಂಧ ಮೊಬೈಲ್ ನೋಡಿಕೊಂಡು ಅರ್ಧ ದಾರಿಯಿಂದಲೇ ಹಿಂದಕ್ಕೆ ಹೋಯಿತು. ಹೊಳೆನರಸೀಪುರದವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಆ ಪುಟ ಹೋಗದೆ ಅವಳ ಬದುಕು ಮುಂದಕ್ಕೆ ಹೋಗುವಂತಿರಲಿಲ್ಲ.

ನಂಜಯ್ಯ ತನ್ನ ಮಗ ನಂಜುಂಡೇಶನನ್ನು ಕರೆದುಕೊಂಡು ಸಿದ್ದೇಶನ ಬಾಗಿಲಿಗೆ ಹೋದ.

“ತೆಗ್ದಾಕ್ಬುಡಪ್ಪ, ನಿನ್ ಕಾಲ್ಗೆ ಬೀಳ್ತೀನಿ. ಎಣ್ಮಗ ಮನೇಲೇ ಕುಂತದೆ.”

ಸಿದ್ದೇಶ ಇಬ್ಬರಿಗೂ ಕಾಫಿ ತರಿಸಿದ. “ಯಜಮಾನ್ರೇ, ಮೇಲಿಡೋದು ಗೂಗಲ್‌ನೋರು, ನಾನಲ್ಲ. ನಿಧಾನಕ್ಕೆ ತಾನೇ ಕೆಳಗೋಯ್ತದೆ, ದಿನಾ ನೋಡ್ತಾ ಇರಿ. ತಪ್ಪು ಅನ್ಸಿದ್ರೆ ಕಾಮೆಂಟ್ ಹಾಕ್ಸಿ, ಊರೋರೆಲ್ಲ ಹಾಕ್ಲಿ. ನಾನ್ಯಾಕ್ ಬ್ಯಾಡ ಅನ್ಲಿ?”

ಪಾಪದ ಜನ, ನಂಬಿದರು. ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕಲು ಸಾಲು ನಿಂತಾಗ ಬಾಗೂರಿನವರು ಅವಳ ಹೆಸರು ಹುಡುಕಿ ಆ ಪುಟ ತೆರೆಯುತ್ತಿದ್ದರು, ಹೋಯಿತೇನೋ ಎಂದು. ‘ನಮ್ಮ ಬಾಗೂರು ಯಮುನಾ ಚಿನ್ನದಂಥ ಹುಡುಗಿ’, ‘ಬಾಗೂರು ಯಮುನಾ ಮದುವೆ ನಿಂತದ್ದು ಗಂಡಿನ ತಪ್ಪಿನಿಂದ’ ಎಂದು ಕೆಳಗೆ ಬರೆಯುತ್ತಿದ್ದರು. ಮರೆತವರಿಗೆ ನಂಜುಂಡೇಶ ನೆನಪು ಮಾಡುತ್ತಿದ್ದ. ಓದು ಬಾರದ ಬೈರಮ್ಮನಿಗೆ ಮೈಕಿನ ಗುರುತು ಒತ್ತಿ ಮಗಳ ಹೆಸರು ಹೇಳುವುದನ್ನು ಅವನೇ ಕಲಿಸಿಕೊಟ್ಟ. ದೇವರಿಗೆ ದೀಪ ಹಚ್ಚಿದ ಮೇಲೆ ಅವಳಿಗೆ ಅದೇ ಮೊದಲ ಕೆಲಸ. ಪುಟ ಅಲ್ಲಾಡಲಿಲ್ಲ.

ಹೋದ ವರ್ಷ ಸಿದ್ದೇಶ ವ್ಯಾಪಾರಿಗಳಿಗೊಂದು ತರಬೇತಿ ಇಟ್ಟ, ಗೂಗಲ್‌ನಲ್ಲಿ ಮೇಲೆ ಬರುವ ಸರಳ ಉಪಾಯಗಳು ಅಂತ. ಶ್ರವಣಬೆಳಗೊಳದಲ್ಲಿ ಲಾಡ್ಜ್ ನಡೆಸುವ ನಾನೂ ಹೋಗಿದ್ದೆ. ಕೊನೆಯ ಸಾಲಿನಲ್ಲಿ ನಂಜುಂಡೇಶ ಕೂತಿದ್ದ. ಮೇಲೆ ತರುವುದು ಗೊತ್ತಾದರೆ ಕೆಳಗಿಳಿಸುವುದೂ ಗೊತ್ತಾದೀತು ಎಂದು ಬಂದಿದ್ದನಂತೆ. ಸಿದ್ದೇಶ ಅವನನ್ನು ನೋಡಿದ. ನೋಡಿಯೂ ಪರದೆಯ ಮೇಲೆ ಯಮುನಾಳ ಪುಟವನ್ನೇ ಹಾಕಿದ.

“ಇದನ್ನ ಬರ್ದು ವರ್ಷಗಳೇ ಆದೋ ಸಾ, ಆಮೇಲ್ ನಾನು ಕೈ ಇಟ್ಟಿಲ್ಲ. ಆದ್ರೂ ಮೊದ್ಲು ಬರೋದು ಇದೇಯ. ಯಾಕೇಳಿ? ಒಂದೂರು ಜನ ದಿನಾ ಹೆಸರಿಡ್ದು ಹುಡ್ಕಿ ತೆಗೀತಾರೆ. ಊರು, ಹೆಸರು ಎಲ್ಲಾ ಸೇರ್ಸಿ ಕೆಳಗೆ ಅವ್ರೇ ಹೊಸ್ದಾಗಿ ಬರೀತಾರೆ. ದುಡ್ಡು ಕೊಟ್ರೂ ಇಂಥ ಓದುಗರು ಸಿಗಾಕಿಲ್ಲ. ಅವ್ರು ಸುಮ್ಕಿದ್ದಿದ್ರೆ ಇದು ಯಾವತ್ತೋ ಮುಳುಗೋಗ್ತಿತ್ತು.”

ಸಭೆ ನಕ್ಕಿತು. ಮುಂದೆ ಕೂತವರು ಬರೆದುಕೊಂಡರು. ನಂಜುಂಡೇಶ ಬಸ್ಸು ಹತ್ತುವ ಸ್ಥಿತಿಯಲ್ಲಿರಲಿಲ್ಲ. ನಾನೇ ಬೈಕಿನಲ್ಲಿ ಕೂರಿಸಿಕೊಂಡು ಬಾಗೂರಿಗೆ ಬಿಟ್ಟೆ. ಜಗಲಿಯ ಮೇಲೆ ಬೈರಮ್ಮ ಫೋನ್ ಹಿಡಿದು ಕೂತಿದ್ದಳು.

“ಇವತ್ತೂ ಅದೆ ಕಣ್ಲಾ.”

“ಅವ್ವಾ, ಇನ್ಮ್ಯಾಕೆ ಅದ ನೋಡ್ಬ್ಯಾಡ” ಎಂದ ನಂಜುಂಡೇಶ. “ನಾವ್ ನೋಡಿ ನೋಡಿನೇ ಅದು ಉಳ್ಕಂಡಿರೋದು.”

ಬಾಗಿಲಲ್ಲಿ ನಿಂತಿದ್ದ ಯಮುನಾ ತನ್ನ ಫೋನನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು.

ಬೈರಮ್ಮ ಮಗನ ಮುಖವನ್ನೇ ನೋಡಿದಳು. “ನೋಡ್ದೇ ಇದ್ರೆ, ಓಯ್ತು ಅಂತ ಎಂಗ್ಲಾ ಗೊತ್ತಾಗೋದು?”

ಅವಳು ಮೈಕಿನ ಗುರುತು ಒತ್ತಿ, ಫೋನನ್ನು ಬಾಯಿಯ ಹತ್ತಿರ ತಂದು, ಇನ್ನೊಂದು ಸಲ ಮಗಳ ಹೆಸರು ಹೇಳಿದಳು.