ತಳ ಕೊಯ್ದ ಬೂಟು

ನಮ್ಮ ಜ್ವಾಲಾಮುಖಿ ದಿನಕ್ಕೆ ಒಂಬತ್ತು ಸಲ ಸಿಡಿಯುತ್ತದೆ. ಸೋಮವಾರ ಅದಕ್ಕೂ ರಜೆ. ಈ ವಿಜ್ಞಾನ ಪ್ರದರ್ಶನಕ್ಕೆ ಟಿಕೆಟ್ ಹರಿಯುವವಳು ನಾನು. ಒಳಗೆ ಗೋಡೆ ತುಂಬ ಸಿನಿಮಾದ ಲಾವಾ ಹರಿದು, ಗುಡುಗಿ, ನೆಲ ನಡುಗಿದಾಗ ಸರಿಯಾದ ಗಳಿಗೆಗೆ ಹೊಗೆ ಬಿಡುವವನು ಹೊಗೆಯಣ್ಣ. ಪ್ಲಾಸ್ಟರ್ ಬೆಟ್ಟಕ್ಕೆ ಬಣ್ಣ ಬಳಿಯಲು ಬಂದವನು ಹದಿನಾರು ವರ್ಷದಿಂದ ಇಲ್ಲೇ ಇದ್ದಾನೆ. ದೊಡ್ಡ ಮಗಳನ್ನು ಈ ಹೊಗೆಯಲ್ಲೇ ನರ್ಸ್ ಮಾಡಿದ. ಚಿಕ್ಕವಳು ಇನ್ನೂ ಓದುತ್ತಿದ್ದಾಳೆ.

ಆದರೆ ಕರೆದರೆ ತಿರುಗಿ ನೋಡುತ್ತಿರಲಿಲ್ಲ. "ಅಬ್ಬಬ್ಬಾ, ಏನು ಜಂಬ ಇವನಿಗೆ!" ಎಂದು ಡಂಗುರ ಸಾರಿದವಳು ನಾನೇ.

ಹೊಸ ಮ್ಯಾನೇಜರ್ ಬಂದವರೇ ಎಲ್ಲರಿಗೂ ದಪ್ಪ ತಳದ ಬೂಟು ಕಡ್ಡಾಯ ಮಾಡಿದರು. ಸದಾ ಬರಿಗಾಲಲ್ಲಿರುತ್ತಿದ್ದ ಹೊಗೆಯಣ್ಣನೂ ಹಾಕಿದ. ಆವತ್ತು ಜನರೆಲ್ಲ ಹೊರಬಂದ ಮೇಲೆ ಖಾಲಿ ಕೋಣೆಯಲ್ಲಿ ಹೊಗೆ ಬುಸ್ಸೆಂದಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

"ಇನ್ನೊಂದು ಸಲ ಹೀಗಾದ್ರೆ ಟೈಮರ್ ಹಾಕಿಸ್ತೀನಿ. ನೀವು ಮನೆಗೆ ಹೋಗಬಹುದು," ಎಂದರು ಮ್ಯಾನೇಜರ್.

ಊಟದ ಹೊತ್ತಿಗೆ ಅವನನ್ನು ಅಡ್ಡಗಟ್ಟಿದೆ. "ಏನಾಗಿದೆ ನಿಂಗೆ?"

ನನ್ನ ತುಟಿಯನ್ನೇ ನೋಡುತ್ತ ಹೇಳಿದ: "ಅಕ್ಕಾ, ಆ ಗುಡುಗು ಕೇಳಿ ಕೇಳಿ ಕಿವಿ ಹೋಗಿ ಏಳು ವರ್ಷ ಆಯ್ತು. ಹೊಗೆ ಯಂತ್ರ ಇರೋದು ಗೋಡೆ ಹಿಂದೆ, ಕಣ್ಣಿಗೂ ಏನೂ ಕಾಣಲ್ಲ. ನೆಲ ನಡುಗಿದ್ದು ಅಂಗಾಲಿಗೆ ಗೊತ್ತಾಗೋದು. ಈ ಬೂಟಲ್ಲಿ ಅದೂ ಇಲ್ಲ. ಯಾರಿಗೂ ಹೇಳ್ಬೇಡ."

ಜಂಬ ಅಂದ ನನ್ನ ನಾಲಿಗೆಗೆ ಬೆಂಕಿ ಬೀಳಲಿ! ಬ್ಲೇಡು ತಂದು ನಾನೇ ಬೂಟಿನ ತಳ ಕೊಯ್ದೆ. ಮೇಲೆ ಬೂಟು, ಕೆಳಗೆ ಬರಿಗಾಲು. ಮುಂದಿನ ಆಟದಿಂದಲೇ ಹೊಗೆ ಹೊತ್ತಿಗೆ ಸರಿಯಾಗಿ ಬಂತು.

ನಾವು ಮಹಾ ಬುದ್ಧಿವಂತರು ನೋಡಿ, ನೆಲಕ್ಕೆಲ್ಲ ನಕಲಿ ಬೂದಿ ಸುರಿದಿರುವುದನ್ನೇ ಮರೆತಿದ್ದೆವು. ಮೂರನೇ ದಿನ ಮ್ಯಾನೇಜರ್ ಬಗ್ಗಿ ನೋಡುತ್ತಿದ್ದರು. ಬೂದಿಯಲ್ಲಿ ಐದೈದು ಬೆರಳಿನ ಹೆಜ್ಜೆಗಳು, ಹೊಗೆ ಯಂತ್ರದವರೆಗೂ.

"ಯಾರದ್ದು ಇದು?"

"ನಂದೇ ಸಾರ್," ಎಂದು ಬೂಟು ಕಳಚಿ ಕಾಲಿಟ್ಟೆ. ಆ ಹೆಜ್ಜೆಯಲ್ಲಿ ನನ್ನಂಥವಳ ಎರಡು ಕಾಲು ಹಿಡಿಯುತ್ತಿದ್ದವು. ಅವರು ನಗಲಿಲ್ಲ, ನನ್ನನ್ನೇ ನೋಡಿದರು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಅಯ್ಯೋ, ಅವನ ಅನ್ನಕ್ಕೆ ಕಲ್ಲು ಹಾಕಿದೆನಲ್ಲ!

ಹೊಗೆಯಣ್ಣ ಬೆನ್ನು ತಿರುಗಿಸಿ ಯಂತ್ರ ಒರೆಸುತ್ತಿದ್ದ. ಮ್ಯಾನೇಜರ್ ಎರಡು ಸಲ ಕೂಗಿದರು. ಅವನು ತಿರುಗಲಿಲ್ಲ. ಕೊನೆಗೆ ಅವರು ಕಾಲೆತ್ತಿ ನೆಲಕ್ಕೆ ಜೋರಾಗಿ ಬಡಿದರು.

"ಬಂದೆ ಸಾರ್," ಎಂದ ಅವನು, ತಟ್ಟನೆ ತಿರುಗಿ ನೋಡಿ.

ಮ್ಯಾನೇಜರ್ ಅವನೆದುರು ನಿಂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು: "ಆ ಬೂಟು ಬಿಚ್ಚಿಡಿ. ಮುಂದಿನ ಆಟಕ್ಕೆ ಹತ್ತೇ ನಿಮಿಷ ಇದೆ."