ಹಳದಿ ಕಾರು

ರೇಸ್ ಕಾರು ಓಡಿಸುವುದನ್ನು ಬಿಟ್ಟ ಮೇಲೆ ಅಪ್ಪನಿಗೆ ತನ್ನದೇ ಹೆಸರಿನ ಸ್ಪೋರ್ಟ್ಸ್ ಕಾರು ಮಾಡುವ ಹುಚ್ಚು ಹತ್ತಿತು. ಎಂಬತ್ತರ ದಶಕದ ಶಿಡ್ಲಘಟ್ಟದಲ್ಲಿ ಕಾರಿನ ಮೈಗೆ ಆಕಾರ ಕೊಡುವವರು ಎಲ್ಲಿ ಸಿಗಬೇಕು? ರೇಷ್ಮೆಹುಳು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ಹೆಣೆಯುವವರನ್ನೇ ಕರೆಸಿ, ನಮ್ಮ ಹುಳುಮನೆಯಲ್ಲಿ ಕಾರಿನಷ್ಟೇ ದೊಡ್ಡ ಬಿದಿರಿನ ಮಾದರಿ ಹೆಣೆಸಿದ.

ಆ ಸಲ ಹುಳುಗಳೆಲ್ಲ ಒಂದೇ ದಿನ ಹಣ್ಣಾಗಿ, ಗೂಡು ಕಟ್ಟಲು ಸಿದ್ಧವಾಗಿ, ಚಂದ್ರಿಕೆ ಸಾಲಲಿಲ್ಲ. ಅಪ್ಪ ಊರಲ್ಲಿರಲಿಲ್ಲ. ಅಜ್ಜಿ ಉಳಿದ ಹುಳುಗಳನ್ನು ಕಾರಿನ ಮೇಲೆ ಬಿಟ್ಟಳು. ನಾನು ಎಷ್ಟು ರೇಗಿದರೂ ಕೇಳಲಿಲ್ಲ.

“ಹಣ್ಣಾದ ಹುಳ ನಿಮ್ಮಪ್ಪನ್ನ ಕೇಳ್ಕೊಂಡು ಗೂಡು ಕಟ್ತಾವೇನೇ?”

ಮೂರನೆಯ ದಿನ ಬೆಳಗ್ಗೆ ಅಪ್ಪ ಬಂದು ಹುಳುಮನೆಯ ಬಾಗಿಲು ತೆಗೆದ. ಮೂತಿಯಿಂದ ಬಾಲದವರೆಗೆ ಒತ್ತೊತ್ತಾಗಿ ಹಳದಿ ಗೂಡು. ಕಿಟಕಿಯ ಬಿಸಿಲಿಗೆ ಕಾರು ತನ್ನೊಳಗೇ ದೀಪ ಹಚ್ಚಿಕೊಂಡಂತಿತ್ತು. ಬೈಯುತ್ತಾನೆಂದುಕೊಂಡೆ. ಅಪ್ಪ ಚಪ್ಪಲಿ ಬಿಟ್ಟು ಕಾರಿನೊಳಗೆ ನುಸುಳಿ, ನೆಲದ ಮೇಲೆ ಕಾಲು ಚಾಚಿ ಕೂತು, ಇಲ್ಲದ ಸ್ಟೇರಿಂಗ್ ಹಿಡಿದ.

“ಬಾರಮ್ಮ, ಮಂಚೇನಹಳ್ಳಿ ತನಕ ಹೋಗಿ ಬರಣ.”

ಪಕ್ಕದಲ್ಲಿ ಕೂತೆ. ಅಷ್ಟು ವೇಗವಾಗಿ ನಾನು ಮತ್ತೆಂದೂ ಹೋಗಿಲ್ಲ.

ಮುಂದೆ ಅಪ್ಪನ ಕಾರುಗಳು ಕೆಂಪು ಬಣ್ಣದಲ್ಲಿ ಬಂದವು. ಅವುಗಳ ಮೂತಿಯ ಮೇಲಿನ ಹಳದಿ ಲಾಂಛನವನ್ನು ಕಾರು ಕೊಂಡವರೆಲ್ಲ ಕೋಳಿಮೊಟ್ಟೆ ಅಂದುಕೊಂಡರು. ಅಪ್ಪ ಯಾರನ್ನೂ ತಿದ್ದಲಿಲ್ಲ. ನನಗೆ ಮಾತ್ರ ಈಗಲೂ ಮೈ ಉರಿಯುತ್ತದೆ.