ಗೈಡಿನಲ್ಲಿದ್ದ ಪ್ರೀತಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೇಲೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಪದವಿ ತರಗತಿಗೆ ಒಂದು ದುರಂತ ನಾಟಕವಿತ್ತು. ಹಗೆ ಸಾಧಿಸುವ ಎರಡು ಮನೆತನ, ಆ ಮನೆಗಳ ಹುಡುಗ ಹುಡುಗಿ, ಕೊನೆಗೆ ಎರಡು ಹೆಣ. ಅವರದು ನಿಜವಾದ ಪ್ರೀತಿಯೋ ಬರೀ ಮೋಹವೋ ಎಂಬ ಪ್ರಶ್ನೆ ಪರೀಕ್ಷೆಗೆ ತಪ್ಪದೆ ಬರುತ್ತಿತ್ತು. ಅರಸೀಕೆರೆಯಲ್ಲಿ ಕೊಂಡ ಗೈಡಿನಿಂದ ಉತ್ತರ ಇಳಿಸಿ ಬರೆಸಿದ್ದೆ, ಮಕ್ಕಳಿಗೆ ಅರ್ಥವಾಗಲೆಂದು ಕನ್ನಡದಲ್ಲೂ. ಮೋಹಕ್ಕೆ ಆತುರ, ಪ್ರೀತಿಗೆ ತಾಳ್ಮೆ. ಆತುರಪಟ್ಟಿದ್ದರಿಂದಲೇ ಇಬ್ಬರೂ ಸತ್ತರು. ಅದರಲ್ಲಿ ನನಗೇ ನಂಬಿಕೆಯಿರಲಿಲ್ಲ. ಮನೆಯವರನ್ನು ಎದುರು ಹಾಕಿಕೊಂಡು, ಮೆಚ್ಚಿದವರನ್ನೇ ಮದುವೆಯಾದವಳು ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಸಿಲೆಬಸ್ ಮುಗಿಸಬೇಕಿತ್ತಲ್ಲ.

ಒಂದು ದಿನ ಗೆಂಡೆಹಳ್ಳಿ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು. ಮಗಳು ನನ್ನ ವಿದ್ಯಾರ್ಥಿನಿ. ಅಪ್ಪನ ಕೈಯಲ್ಲಿ ಅವಳ ನೋಟ್ ಬುಕ್ಕು.

“ಬಿಕ್ಕೋಡಿನ ಮೇಷ್ಟ್ರ ಮಗನ್ನ ಮದ್ವೆ ಆಯ್ತೀನಿ ಅಂತಾಳೆ ಮೇಡಂ. ಅವರು ಬೌದ್ಧರು, ನಮ್ಮ ಜನ ಅಲ್ಲ. ನಾನು ಹೊಡೀಲಿಲ್ಲ, ಬೈಲಿಲ್ಲ. ನೀವು ಬರೆಸಿರೋದನ್ನೇ ಓದಿ ತೋರಿಸ್ದೆ. ಮೋಹ ಅಂದ್ರೆ ಏನು ಅಂತ ಇದ್ರಲ್ಲೇ ಎಲ್ಲಾ ಐತಲ್ಲ. ನೀವೂ ಒಂದು ಮಾತು ಹೇಳ್ಬಿಡಿ, ಕೇಳ್ತಾಳೆ.”

ನನಗೆ ಮೈಯೆಲ್ಲ ಉರಿಯಿತು. ಅವರ ಮೇಲಲ್ಲ, ನನ್ನ ಮೇಲೆಯೇ. ಆ ಹುಡುಗನಿಗೊಂದು ಕೆಲಸ ಸಿಗಲಿ ಎಂದು ಆ ಇಬ್ಬರೂ ನಾಲ್ಕು ವರ್ಷದಿಂದ ಕಾಯುತ್ತಿದ್ದದ್ದು ಕಾಲೇಜಿಗೆಲ್ಲ ಗೊತ್ತಿತ್ತು. ಇದಕ್ಕಿಂತ ತಾಳ್ಮೆ ಇನ್ನೇನಿರುತ್ತದೆ? ಅದು ನನ್ನ ಮಾತಲ್ಲ, ಗೈಡಿನದು ಎಂದು ಹೇಳಬಹುದಿತ್ತು. ಆದರೆ ಪಕ್ಕದ ಕುರ್ಚಿಗಳಲ್ಲಿ ಸಹೋದ್ಯೋಗಿಗಳು ಕಿವಿ ನಿಮಿರಿಸಿಕೊಂಡು ಕೂತಿದ್ದರು. ಆ ಹೊತ್ತಿಗೆ ನನಗೆ ನನ್ನ ಮರ್ಯಾದೆಯೇ ದೊಡ್ಡದಾಯಿತು. ಇಷ್ಟು ವರ್ಷ ಕಳೆದರೂ ನೆನೆದಾಗಲೆಲ್ಲ ಹಲ್ಲು ಕಡಿಯುತ್ತೇನೆ.

“ನೋಟ್ಸ್ ಸರಿಯಾಗೇ ಇದೆ” ಎಂದೆ.

ಅಪ್ಪ ಕೈಮುಗಿದರು. ಹಳೇಬೀಡಿನಲ್ಲಿ ಒಂದು ಸಂಬಂಧ ನೋಡಿದ್ದಾರಂತೆ, ಇನ್ನು ತಡ ಮಾಡುವುದಿಲ್ಲವಂತೆ. ಹುಡುಗಿ ಅಳಲಿಲ್ಲ. ಅಪ್ಪನ ಕೈಯಿಂದ ಪುಸ್ತಕ ತೆಗೆದುಕೊಂಡು ನನ್ನನ್ನೇ ನೋಡಿದಳು.

“ನಾಟಕದಲ್ಲಿ ಅವರನ್ನ ಸಾಯಿಸಿದ್ದು ಮನೆಯವರ ದ್ವೇಷ ಅಲ್ವಾ ಮೇಡಂ? ಅದನ್ಯಾಕೆ ಬರೆಸಲಿಲ್ಲ?”

“ಅದಕ್ಕೆ ಮಾರ್ಕ್ಸ್ ಇಲ್ಲಮ್ಮ” ಎಂದೆ.

ಮದುವೆಯಾಗಿ ಹೋದವಳು ಆ ವರ್ಷ ಪರೀಕ್ಷೆಗೂ ಬರಲಿಲ್ಲ.